ಪಾರ್ಸ್ನಿಪ್, ಕ್ಯಾರೆಟ್, ಮೂಲಂಗಿ: ನಿಮ್ಮ ಹಿತ್ತಲಿಗೆ ಯಾವುದು?

ಮೊದಲ ಸಲ ಹಿತ್ತಲಿನ ಮಡಿಯಿಂದ ಪಾರ್ಸ್ನಿಪ್ ಕಿತ್ತು ತಂದು ಅಡುಗೆಮನೆ ಕಟ್ಟೆ ಮೇಲಿಟ್ಟ ದಿನ ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೂಲಂಗಿ ಬಲಿತುಹೋಗಿದೆಯಲ್ಲೇ. ಬಣ್ಣ ಹಳದಿಗೆ ತಿರುಗಿದೆ ನೋಡು, ಇನ್ನು ಬರೀ ನಾರು" ಅಂದರು. ನಾನು ಏನೂ ಹೇಳದೆ ಒಂದು ಗೆಡ್ಡೆಯ ತುದಿ ಕೊಯ್ದು ಅವರ ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ಮೂಲಂಗಿ ಅಲ್ಲ. ಕೊತ್ತಂಬರಿ ಬೇರಿನ ವಾಸನೆ ಬರ್ತಿದೆ" ಅಂದರು.

ಅತ್ತೆಯ ಮೂಗು ಸರಿಯಾಗಿಯೇ ಹೇಳಿತ್ತು. ಪಾರ್ಸ್ನಿಪ್ಪಿನ ಶಾಸ್ತ್ರೀಯ ಹೆಸರು ಪಾಸ್ಟಿನಾಕಾ ಸಟೈವಾ. ಕೊತ್ತಂಬರಿ, ಸಬ್ಬಸಿಗೆ, ಜೀರಿಗೆ, ಓಮ, ಸೋಂಪು, ಇಂಗು, ಕ್ಯಾರೆಟ್ ಎಲ್ಲ ಅದರ ದಾಯಾದಿಗಳು. ಛತ್ರಿ ಬಿಚ್ಚಿದ ಹಾಗೆ ಹೂಗೊಂಚಲು ಬಿಡುವ ಕುಟುಂಬ ಅದು. ಮೂಲಂಗಿ ಸಾಸಿವೆ, ಎಲೆಕೋಸುಗಳ ಮನೆತನದ್ದು. ನೋಡಲು ಇವೆರಡೂ ಅಕ್ಕತಂಗಿಯರ ಹಾಗಿದ್ದರೂ ನೆಂಟಸ್ತಿಕೆ ಏನೂ ಇಲ್ಲ.

ಚಿಕ್ಕಮಗಳೂರಿನ ಗಿರಿ ಕಡೆಯ ನಮ್ಮ ಸಣ್ಣ ಕಾಫಿ ತೋಟದ ಹಿತ್ತಲಲ್ಲಿ ನಾಲ್ಕು ಚಳಿಗಾಲದಿಂದ ಈ ಮೂರನ್ನೂ ಅಕ್ಕಪಕ್ಕ ಬೆಳೆಯುತ್ತಿದ್ದೇನೆ. ನೆಂಟರು, ತೋಟದ ಅಕ್ಕಪಕ್ಕದವರು, ಸಂತೆಯಲ್ಲಿ ಸಿಗುವವರು ಈಗ ಕೇಳುತ್ತಾರೆ: "ಖಾಲಿ ಇರೋದು ಒಂದೇ ಮಡಿ, ನಾವೂ ಪಾರ್ಸ್ನಿಪ್ ಹಾಕಬಹುದಾ?" ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ, ನಿಮ್ಮ ಮನೆ ಎಲ್ಲಿ ಬರುತ್ತದೆ ಅಂತ. ಈ ಗೆಡ್ಡೆಯ ವಿಷಯದಲ್ಲಿ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಚಳಿ ಎಷ್ಟು, ಎಷ್ಟು ದಿನ

ಪಾರ್ಸ್ನಿಪ್ ಯುರೋಪಿನ ಚಳಿಸೀಮೆಯ ಬೆಳೆ. ಆಲೂಗೆಡ್ಡೆ ಅಮೆರಿಕ ಖಂಡದಿಂದ ಬರುವವರೆಗೆ ಅಲ್ಲಿನವರ ಹೊಟ್ಟೆ ತುಂಬಿಸುತ್ತಿದ್ದ ಗೆಡ್ಡೆಗಳಲ್ಲಿ ಇದೂ ಒಂದು. ಬೀಟ್‌ರೂಟಿನ ಜಾತಿಯಿಂದ ಸಕ್ಕರೆ ತೆಗೆಯುವುದು ರೂಢಿಗೆ ಬರುವ ಮುಂಚೆ ಸಿಹಿತಿಂಡಿಗೂ ಇದನ್ನೇ ಬಳಸುತ್ತಿದ್ದರು. ಆಮೇಲೆ ಆಲೂಗೆಡ್ಡೆ ಇದರ ಜಾಗ ಹಿಡಿಯಿತು. ಇವತ್ತು ನಮ್ಮ ಹಾಸನದ ಹೊಲಗಳಲ್ಲಿ ಮುಂಗಾರಿಗೆ ಬಿತ್ತನೆಯಾಗುವುದು ಗೆದ್ದ ಆ ಗೆಡ್ಡೆಯೇ. ಸೋತದ್ದರ ಹೆಸರನ್ನೂ ನಮ್ಮ ಕಡೆ ಹೆಚ್ಚು ಜನ ಕೇಳಿಲ್ಲ. ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸುಗಳನ್ನು ಹಿಂದಿನವರು ಇಂಗ್ಲಿಷ್ ತರಕಾರಿ ಅನ್ನುತ್ತಿದ್ದರು. ಅವೆಲ್ಲ ಸಂತೆಗೆ ಬಂದು ನಮ್ಮವಾದವು, ಇದೊಂದು ಬರಲಿಲ್ಲ. ಕಾರಣ ಚಳಿ.

ನೆಲ ತಣ್ಣಗಾದಾಗ ಪಾರ್ಸ್ನಿಪ್ ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆದುಕೊಳ್ಳುತ್ತದೆ. ಹಿಮ ಬೀಳುವ ದೇಶಗಳಲ್ಲಿ ಮೊದಲ ಹಿಮ ಬಿದ್ದ ಮೇಲೆಯೇ ಕೀಳಬೇಕು ಎಂಬ ಮಾತಿರುವುದು ಅದಕ್ಕೇ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ನೆಲ ಏರಿದಷ್ಟೂ ತಂಪು ಹೆಚ್ಚು, 1,000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆ ಇರುವುದೇ 1,000 ಮೀಟರಿಗಿಂತ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ತುದಿ 1,900 ದಾಟುತ್ತದೆ. ಕೆಮ್ಮಣ್ಣುಗುಂಡಿ 1,400ರ ಆಸುಪಾಸು. ಕೈಮರ ದಾಟಿ ಅತ್ತಿಗುಂಡಿ ಕಡೆ, ಬಾಬಾಬುಡನ್‌ಗಿರಿಯ ಇಳಿಜಾರುಗಳಲ್ಲಿ ಮನೆಯಿದ್ದರೆ ಪಾರ್ಸ್ನಿಪ್ ಧೈರ್ಯವಾಗಿ ಹಾಕಿ. ಪೇಟೆ, ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆಯವರು ಒಂದು ಸಣ್ಣ ಮಡಿಯಲ್ಲಿ ಮಾಡಿ ನೋಡಬಹುದು. ಗೆಡ್ಡೆ ಬರುತ್ತದೆ, ಸಿಹಿ ಸ್ವಲ್ಪ ಕಡಿಮೆ ಇರುತ್ತದೆ. ಅದಕ್ಕೊಂದು ಉಪಾಯವಿದೆ, ಮುಂದೆ ಹೇಳುತ್ತೇನೆ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನವರಿಗೆ ಮಾತ್ರ ಬೇಡವೆಂದೇ ಹೇಳುತ್ತೇನೆ. ಅಲ್ಲಿ ಚಳಿಗಾಲದ ಕ್ಯಾರೆಟ್ ಹಾಕಿ, ಬಿಸಿಲು ತಡೆಯುವ ಪೂಸಾ ಚೇತಕಿಯಂಥ ಮೂಲಂಗಿ ಹಾಕಿ, ಆ ಮಣ್ಣಿಗೆ ಅವೇ ನ್ಯಾಯ.

ಕ್ಯಾರೆಟ್ ಇಷ್ಟು ಹಟ ಮಾಡುವುದಿಲ್ಲ. ಚಳಿ ಚೆನ್ನಾಗಿದ್ದರೆ ನ್ಯಾಂಟಿಸ್ ಜಾತಿ, ಸ್ವಲ್ಪ ಸೆಕೆಯಿದ್ದರೆ ಕುರೋಡ, ಎಲ್ಲಿಯೂ ಕೈಬಿಡುವುದಿಲ್ಲ. ಮೂಲಂಗಿಯಂತೂ ತಳಿ ಸರಿಯಾಗಿ ಆರಿಸಿದರೆ ವರ್ಷದ ಬಹುಪಾಲು ಬೆಳೆಯುತ್ತದೆ. ನೂರು ಮನೆಯವರು ಕೇಳಿದರೆ ತೊಂಬತ್ತು ಮನೆಗೆ ನಾನು ಕ್ಯಾರೆಟ್ಟನ್ನೇ ಹೇಳುವುದು. ಉಳಿದ ಹತ್ತು ಮನೆಯವರಿಗೆ ಮುಂದಿನದೆಲ್ಲ ಪ್ರಯೋಜನಕ್ಕೆ ಬಂದೀತು.

ಬೀಜದ ಕಷ್ಟ

ಪಾರ್ಸ್ನಿಪ್ ಬೀಜವನ್ನು ಅಂಗೈಯಲ್ಲಿಟ್ಟು ನೋಡಬೇಕು. ಚಪ್ಪಟೆ ಬಿಲ್ಲೆ, ಒಣಗಿದ ಎಲೆಯ ಬಣ್ಣ, ಮೈಮೇಲೆ ಗೆರೆ, ಸುತ್ತಲೂ ತೆಳ್ಳನೆಯ ಅಂಚು. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಗಾಳಿ ಬೀಸುವ ಹೊತ್ತಿನಲ್ಲಿ ಬಿತ್ತಲು ಕೂತರೆ ಅರ್ಧ ಬೀಜ ಪಕ್ಕದ ಮಡಿಗೆ. ಇದರ ದೊಡ್ಡ ದೋಷ ಎಂದರೆ ಆಯುಸ್ಸು. ಒಂದು ವರ್ಷ ದಾಟಿದ ಬೀಜವನ್ನು ನಂಬುವ ಹಾಗಿಲ್ಲ. ಕ್ಯಾರೆಟ್ ಬೀಜ ತಂಪಾದ ಒಣ ಡಬ್ಬಿಯಲ್ಲಿ ಮೂರು ವರ್ಷ ಇರುತ್ತದೆ, ಮೂಲಂಗಿಯದು ನಾಲ್ಕು ವರ್ಷಕ್ಕೂ ಮೊಳೆಯುತ್ತದೆ.

ನನ್ನ ಮೊದಲ ಚಳಿಗಾಲ ಹಾಳಾದದ್ದು ಇದರಿಂದಲೇ. ಪೇಟೆಯ ಒಂದು ಅಂಗಡಿಯಿಂದ ತಂದ ಪೊಟ್ಟಣದ ಮೇಲೆ ತಾರೀಕು ಅಳಿಸಿತ್ತು, ನಾನು ಅದನ್ನು ಗಮನಿಸಲಿಲ್ಲ. 45 ದಿನ ನೀರು ಹಾಕಿದೆ, ಒಂದೇ ಒಂದು ಮೊಳಕೆ ಬರಲಿಲ್ಲ. ಅದೇ ದಿನ ಪಕ್ಕದ ಮಡಿಗೆ ಬಿತ್ತಿದ ಮೂಲಂಗಿ ಅಷ್ಟರಲ್ಲಿ ಹುಳಿಯಾಗಿ ಮುಗಿದಿತ್ತು. ಈಗ ಪ್ಯಾಕ್ ಮಾಡಿದ ತಾರೀಕು ಸ್ಪಷ್ಟವಾಗಿ ಓದಲು ಬಂದರೆ ಮಾತ್ರ ಕೊಳ್ಳುತ್ತೇನೆ. ಬಿತ್ತುವ ಮೂರು ವಾರ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಮುಚ್ಚಿ, ಮನೆಯ ತಂಪಾದ ಮೂಲೆಯಲ್ಲಿ ಇಡುತ್ತೇನೆ. ಐದಾದರೂ ಬಾಯಿ ಬಿಟ್ಟರೆ ಬಿತ್ತನೆ. ಇಲ್ಲದಿದ್ದರೆ ಆ ಮಡಿ ಕ್ಯಾರೆಟ್ಟಿಗೆ.

ಮನೆಯಲ್ಲೇ ಬೀಜ ಮಾಡಿಕೊಳ್ಳೋಣ ಅಂದರೆ ಅದೂ ಸುಲಭವಲ್ಲ. ಇದು ಎರಡು ವರ್ಷದ ಗಿಡ, ಮೊದಲ ವರ್ಷ ಗೆಡ್ಡೆ, ಎರಡನೇ ವರ್ಷ ಹೂವು. ನಡುವೆ ವಾರಗಟ್ಟಲೆ ಗಟ್ಟಿ ಚಳಿ ಸಿಗಬೇಕು. ನಮ್ಮ ಮನೆಯ ಚಳಿ ಅಷ್ಟಕ್ಕೆ ಸಾಲಲಿಲ್ಲ, ಬಿಟ್ಟ ಮೂರು ಗಿಡವೂ ಹೂ ಬಿಡದೆ ಬೇಸಿಗೆಯಲ್ಲಿ ಸೊರಗಿದವು. ನ್ಯಾಂಟಿಸ್ ಕ್ಯಾರೆಟ್ಟಿನ ಕಥೆಯೂ ಇದೇ. ಮೂಲಂಗಿ ಮಾತ್ರ ಎರಡು ಗಿಡ ಬಿಟ್ಟರೆ ಸಾಕು, ಬಿಳಿ ನೇರಳೆ ಹೂ ಬಿಟ್ಟು ಕೋಡು ಕಟ್ಟಿ ಮುಂದಿನ ವರ್ಷಕ್ಕೆ ಬೀಜ ಕೊಡುತ್ತದೆ. ಹಾಗಾಗಿ ಪಾರ್ಸ್ನಿಪ್ ಎಂದರೆ ಪ್ರತಿ ವರ್ಷ ಬೀಜದ ಖರ್ಚು, ಅದನ್ನು ಲೆಕ್ಕಕ್ಕೆ ಹಿಡಿದೇ ಇಳಿಯಿರಿ.

ತಳಿಗಳಲ್ಲಿ ಹಾಲೋ ಕ್ರೌನ್, ಟೆಂಡರ್ ಅಂಡ್ ಟ್ರೂ ಹಳೆಯವು, ಉದ್ದುದ್ದ ಇಳಿಯುತ್ತವೆ, ಆಳವಾದ ಸಡಿಲ ಮಣ್ಣು ಕೇಳುತ್ತವೆ. ವೈಟ್ ಜೆಮ್, ಏವನ್‌ರೆಸಿಸ್ಟರ್ ಗಿಡ್ಡ, ಕೊಳೆರೋಗವನ್ನು ಸ್ವಲ್ಪ ತಡೆಯುತ್ತವೆ. ಜಂಬಿಟ್ಟಿಗೆಯ ಚೂರು ತುಂಬಿದ ನಮ್ಮ ನೆಲಕ್ಕೆ ಗಿಡ್ಡ ಜಾತಿಯೇ ವಾಸಿ.

ಬಿತ್ತುವ ಹೊತ್ತು, ಬಿತ್ತುವ ರೀತಿ

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನೀರು ನಿಂತ ನೆಲದಲ್ಲಿ ಗೆಡ್ಡೆಯ ಭುಜ ಕಂದು ಕಪ್ಪಾಗಿ ಕೊಳೆಯುತ್ತದೆ, ಹುಳಿ ಮಣ್ಣಿನಲ್ಲಿ ಇನ್ನೂ ಬೇಗ. ಕಾಫಿ ತೋಟದ ಮಣ್ಣು ಹುಳಿ ಎಂಬುದು ಸುಣ್ಣ ಹಾಕಿಸುವ ಎಲ್ಲರಿಗೂ ಗೊತ್ತು. ಪಾರ್ಸ್ನಿಪ್ಪಿಗೆ ಮಣ್ಣಿನ ರಸಸಾರ (ಪಿಎಚ್) 6ರಿಂದ 7ರ ಒಳಗಿರಬೇಕು. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಾಸನದವರಾದರೆ ಕಂದಲಿಯ ಕೇಂದ್ರದಲ್ಲೋ ವಿಚಾರಿಸಿ, ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಕಣ್ಣಂದಾಜಿಗೆ ಸುಣ್ಣ ಸುರಿಯುವುದು ಬೇಡ.

ನಾನು ಮೊದಲು ಅಕ್ಟೋಬರ್ ಕೊನೆಗೆ ಬಿತ್ತುತ್ತಿದ್ದೆ. ಗೆಡ್ಡೆ ದಪ್ಪವಾಗುವ ಹೊತ್ತಿಗೆ ಫೆಬ್ರವರಿ ಬಿಸಿಲು ಬರುತ್ತಿತ್ತು, ಚಳಿಯ ಒಳ್ಳೆಯ ದಿನಗಳೆಲ್ಲ ಎಲೆ ಬೆಳೆಯುವುದರಲ್ಲೇ ಕಳೆದುಹೋಗುತ್ತಿದ್ದವು. ಈಗ ಸೆಪ್ಟೆಂಬರ್ ಕೊನೆ ವಾರದಲ್ಲಿ, ಮಳೆ ಬಿಡುವು ಕೊಟ್ಟ ಕೂಡಲೇ, ಒಂದಡಿ ಎತ್ತರದ ಏರುಮಡಿಯಲ್ಲಿ ಬಿತ್ತುತ್ತೇನೆ. ಅದು ಜನವರಿ ಕೊನೆ, ಫೆಬ್ರವರಿ ಮೊದಲಿಗೆ ಕೀಳಲು ಬರುತ್ತದೆ. ಈ ಒಂದು ತಿಂಗಳ ಬದಲಾವಣೆಯಿಂದ ರುಚಿಯಲ್ಲಿ ಆದ ವ್ಯತ್ಯಾಸ, ನಾನು ಮಾಡಿದ ಬೇರೆ ಯಾವ ಬದಲಾವಣೆಯಿಂದಲೂ ಆಗಲಿಲ್ಲ.

ಮಣ್ಣು ತೀರ ಬಿಸಿಯಾದರೆ ಬೀಜ ಮೊಳೆಯಲು ಹಿಂದೆಗೆಯುತ್ತದೆ. 10ರಿಂದ 20 ಡಿಗ್ರಿ ಅದಕ್ಕೆ ಹಿತ. ಸಾಲು ಗೀರಿ ಮೊದಲು ನೀರು ಹನಿಸುತ್ತೇನೆ. ಆರು ಇಂಚಿಗೊಂದು ಕಡೆ ಮೂರು ನಾಲ್ಕು ಬೀಜ, ಆಳ ಅರ್ಧ ಇಂಚು. ಮುಚ್ಚುವುದಕ್ಕೆ ಕೆಂಪು ಮಣ್ಣು ಬೇಡ, ಬಿಸಿಲಿಗೆ ಹೊರಪದರ ಗಟ್ಟಿಯಾಗಿ ಮೊಳಕೆ ಏಳಲಾರದು. ಜರಡಿ ಹಿಡಿದ ಹಳೆಯ ಗೊಬ್ಬರದ ಪುಡಿಯನ್ನೇ ಮೇಲೆ ಉದುರಿಸುತ್ತೇನೆ. ಅದರ ಮೇಲೆ ಒದ್ದೆ ಗೋಣಿಚೀಲ. ಹತ್ತನೇ ದಿನದಿಂದ ದಿನಾ ಬೆಳಿಗ್ಗೆ ಗೋಣಿ ಎತ್ತಿ ನೋಡಬೇಕು, ಮೊಳಕೆ ಕಂಡ ದಿನವೇ ತೆಗೆಯಬೇಕು. ಕಳೆದ ವರ್ಷ ಹತ್ತೊಂಬತ್ತನೇ ದಿನ ಕಂಡಿತು. ನಾಲ್ಕು ವಾರ ಹಿಡಿದರೂ ಗಾಬರಿಯಾಗಬೇಡಿ.

ಮೊದಲು ಬರುವ ಎರಡು ಎಲೆ ಉದ್ದ, ಸಪೂರ, ಹುಲ್ಲಿನ ಹಾಗೆ ಇರುತ್ತವೆ. ಕಳೆ ಎಂದು ಕಿತ್ತುಬಿಡುವುದು ಬಹಳ ಸುಲಭ. ಇಲ್ಲಿ ಮೂಲಂಗಿಯನ್ನು ಎದುರಾಳಿ ಅನ್ನದೆ ಜೊತೆಗಾರನನ್ನಾಗಿ ಮಾಡಿಕೊಳ್ಳಿ. ಅದೇ ಸಾಲಿನಲ್ಲಿ ಪಾರ್ಸ್ನಿಪ್ ಬೀಜಗಳ ನಡುವೆ ಒಂದೊಂದು ಮೂಲಂಗಿ ಬೀಜ ಹಾಕಿದರೆ ನಾಲ್ಕೈದು ದಿನಕ್ಕೆ ಅದು ಎದ್ದು ಸಾಲು ಎಲ್ಲಿದೆ ಎಂದು ತೋರಿಸುತ್ತದೆ. ಏಳುವಾಗ ಮೇಲಿನ ಮಣ್ಣನ್ನೂ ಸಡಿಲಿಸುತ್ತದೆ. ಗೋಣಿಯನ್ನು ಮಾತ್ರ ಆಗ ಸಾಲಿನ ಮೇಲಿಂದ ತೆಗೆದು ಎರಡೂ ಬದಿಗೆ ಸರಿಸಿ, ನೀರು ಇನ್ನಷ್ಟು ಜೋಪಾನವಾಗಿ ಹಾಕಬೇಕಾಗುತ್ತದೆ. ನಲವತ್ತನೇ ದಿನ ಮೂಲಂಗಿ ಕಿತ್ತು ಹುಳಿಗೆ ಹಾಕಿ. ಆ ದಿನ ದಾಟಿಸಬೇಡಿ, ಅದರ ಎಲೆಯ ನೆರಳಿಗೆ ಪಾರ್ಸ್ನಿಪ್ ಸಸಿ ಸೊರಗುತ್ತದೆ.

ಸಸಿ ಮಾಡಿ ನಾಟಿ ಮಾಡುವುದು ಮೂರಕ್ಕೂ ಆಗದು. ಬೇರಿನ ತುದಿಗೆ ಪೆಟ್ಟಾದರೆ ಗೆಡ್ಡೆ ಕವಲೊಡೆಯುತ್ತದೆ. ಹಸಿ ಗೊಬ್ಬರ ತಗುಲಿದರೂ, ಕಲ್ಲು ಸಿಕ್ಕಿದರೂ ಅಷ್ಟೇ. ನನ್ನ ಎರಡನೇ ವರ್ಷದ ಗೆಡ್ಡೆಗಳು ಶುಂಠಿಯ ಹಾಗೆ ಐದು ಬೆರಳು ಬಿಟ್ಟಿದ್ದವು. ಈಗ ಇಪ್ಪತ್ತು ಗಿಡಕ್ಕೆ ಹಾರೆಯಿಂದ ಒಂದೂವರೆ ಅಡಿ ಆಳದ ಕುಳಿ ಹೊಡೆಯುತ್ತೇನೆ. ಹಾರೆಯನ್ನು ನೆಟ್ಟು ಸುತ್ತಲೂ ಆಡಿಸಿದರೆ ಮೇಲೆ ಅಗಲ, ಕೆಳಗೆ ಚೂಪಾದ ಕುಳಿಯಾಗುತ್ತದೆ. ಅದಕ್ಕೆ ಜರಡಿ ಮಣ್ಣು, ಮರಳು, ಎರಡು ವರ್ಷದ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ನೆತ್ತಿಯಲ್ಲಿ ಬೀಜ. ಕುಳಿಯ ಅಚ್ಚಿನಲ್ಲೇ ಗೆಡ್ಡೆ ಇಳಿಯುತ್ತದೆ. ಅರ್ಧ ದಿನದ ಕೆಲಸ, ಮನಸ್ಸಿದ್ದವರಿಗೆ. ಮೂಲಂಗಿಗೆ ಇಷ್ಟೆಲ್ಲ ಮಾಡಲು ನಾನು ಯಾರಿಗೂ ಹೇಳುವುದಿಲ್ಲ.

ಕಾಯುವ ಶಕ್ತಿ

ಮೂಲಂಗಿ 40ರಿಂದ 50 ದಿನ, ಕ್ಯಾರೆಟ್ 90ರಿಂದ 100, ಪಾರ್ಸ್ನಿಪ್ ನಾಲ್ಕರಿಂದ ಐದು ತಿಂಗಳು. ಒಂದೇ ಮಡಿ ಇರುವವರಿಗೆ ಇದು ದೊಡ್ಡ ಬೆಲೆ. ಅಷ್ಟರಲ್ಲಿ ಎರಡು ಸಲ ಮೂಲಂಗಿ ತೆಗೆದು ಮೂರನೆಯದಕ್ಕೆ ಬಿತ್ತಬಹುದು.

ಆದರೆ ತೋಟದ ಮನೆಯ ಲೆಕ್ಕ ಬೇರೆ. ಡಿಸೆಂಬರ್ ಬಂತೆಂದರೆ ಅರೇಬಿಕಾ ಹಣ್ಣು ಕುಯ್ಲು, ಪಲ್ಪಿಂಗ್, ಕಣದಲ್ಲಿ ಒಣಹಾಕುವುದು, ಅದು ಮುಗಿಯುವ ಮೊದಲೇ ರೊಬಸ್ಟಾ. ಹಿತ್ತಲಿಗೆ ಯಾರೂ ತಲೆ ಹಾಕುವುದಿಲ್ಲ. ಮೂಲಂಗಿಯನ್ನು ಒಂದು ವಾರ ಮರೆತರೆ ಒಳಗೆ ಬೆಂಡಾಗುತ್ತದೆ. ಕ್ಯಾರೆಟ್ ಎರಡು ಮೂರು ವಾರ ತಡೆದು ಆಮೇಲೆ ಸೀಳುತ್ತದೆ. ಪಾರ್ಸ್ನಿಪ್ ಮಾತ್ರ ನೆಲದಲ್ಲಿ ಸುಮ್ಮನೆ ಕೂತಿರುತ್ತದೆ. ವಾರಕ್ಕೆ ಎರಡು ಸಲ ನೀರು, ಬುಡಕ್ಕೆ ದರಗಿನ ಹೊದಿಕೆ, ಅಷ್ಟು ಸಾಕು. ಬೇಕಾದಾಗ ಬೇಕಾದಷ್ಟೇ ಕೀಳಬಹುದು. ಕುಯ್ಲಿನ ದಿನಗಳಲ್ಲಿ ಸಂತೆಗೆ ಹೋಗಲು ಪುರಸೊತ್ತಿಲ್ಲದೆ, ಸಂಜೆ ಆರು ಗಂಟೆಗೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ಎರಡು ಗೆಡ್ಡೆ ಅಗೆದು ತಂದು ಅಡುಗೆ ಮಾಡಿದ ಎಷ್ಟೋ ದಿನಗಳಿವೆ. ನಾನು ಇದನ್ನು ಬಿಡದೆ ಬೆಳೆಯಲು ಇದೇ ಮುಖ್ಯ ಕಾರಣ.

ಕಾಡುಹಂದಿ, ಮುಳ್ಳುಹಂದಿಗಳಿಗೆ ಮೂರೂ ಇಷ್ಟ. ಬೇಲಿ ಗಟ್ಟಿಯಿಲ್ಲದಿದ್ದರೆ ಯಾವುದನ್ನೂ ಹಾಕುವುದು ಬೇಡ. ಬೇರುಗಂಟು ಮಾಡುವ ಜಂತುಹುಳ ಕ್ಯಾರೆಟ್ಟಿಗೂ ಪಾರ್ಸ್ನಿಪ್ಪಿಗೂ ಬರುತ್ತದೆ, ಹಾಗಾಗಿ ಒಂದೇ ಮಡಿಗೆ ಇವನ್ನು ವರ್ಷಾ ವರ್ಷಾ ಹಾಕದೆ ನಡುವೆ ಚೆಂಡುಹೂ ಬೆಳೆಯಿರಿ.

ಗುರುತು ಹಿಡಿಯುವುದು

ಬೆಂಗಳೂರಿನ ದೊಡ್ಡ ತರಕಾರಿ ಅಂಗಡಿಗಳಲ್ಲಿ ಬಿಳಿ ಗೆಡ್ಡೆಗಳನ್ನು ಒಂದೇ ಬುಟ್ಟಿಯಲ್ಲಿ ಸುರಿದಿರುತ್ತಾರೆ. ಪಾರ್ಸ್ನಿಪ್ ಎಂದು ಬರೆದಿದ್ದಲ್ಲಿ ಬಿಳಿ ಕ್ಯಾರೆಟ್ ಇದ್ದದ್ದನ್ನು ನಾನೇ ನೋಡಿದ್ದೇನೆ. ಮೊದಲು ನೆತ್ತಿ ನೋಡಿ. ಪಾರ್ಸ್ನಿಪ್ಪಿನಲ್ಲಿ ಎಲೆಕಾಂಡ ಹೊರಡುವ ಜಾಗ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿರುತ್ತದೆ, ಸುತ್ತ ಭುಜ ಎದ್ದಿರುತ್ತದೆ. ಗೆಡ್ಡೆಗಾಗಿಯೇ ಬೆಳೆಯುವ ಪಾರ್ಸ್ಲಿ ಒಂದಿದೆ, ನೋಡಲು ತದ್ರೂಪ. ಅದರ ನೆತ್ತಿ ತಗ್ಗಿರುವುದಿಲ್ಲ, ಉಬ್ಬಿರುತ್ತದೆ. ಮೈಬಣ್ಣ ಪಾರ್ಸ್ನಿಪ್ಪಿನದು ಹಾಲಿನ ಕೆನೆಯದು, ಮೂಲಂಗಿಯದು ಸುಣ್ಣದ ಬಿಳುಪು. ಕೈಯಲ್ಲಿ ಹಿಡಿದರೆ ಪಾರ್ಸ್ನಿಪ್ ಒಣಗಿದ ಮರದ ತುಂಡಿನ ಹಾಗೆ ಗಟ್ಟಿ, ಅಡ್ಡ ಕೊಯ್ದರೆ ನಡುವೆ ಹಳದಿ ಛಾಯೆಯ ತಿರುಳು. ಮೂಲಂಗಿ ಕೊಯ್ದರೆ ನೀರು ಜಿನುಗುತ್ತದೆ, ಘಾಟು ಮೂಗಿಗೆ ಹೊಡೆಯುತ್ತದೆ. ಕೊನೆಗೆ ಉಗುರಿನಿಂದ ಗೀರಿ ಮೂಸಿ. ಅತ್ತೆ ಮಾಡಿದ್ದೂ ಅದನ್ನೇ.

ಮಡಿಯಲ್ಲಿದ್ದಾಗ ಎಲೆಯೇ ಹೇಳುತ್ತದೆ. ಕ್ಯಾರೆಟ್ಟಿನದು ಸಬ್ಬಸಿಗೆಯ ಹಾಗೆ ನವಿರು. ಪಾರ್ಸ್ನಿಪ್ಪಿನದು ಒಂದೇ ಕಡ್ಡಿಗೆ ಎರಡೂ ಕಡೆ ಜೋಡಿಸಿದ ಅಗಲವಾದ, ಅಂಚು ಗರಗಸದಂಥ ಎಲೆ. ಮೂಲಂಗಿ ಎಲೆಯ ಮೈ ಒರಟು, ಮುಟ್ಟಿದರೆ ಚುಚ್ಚುತ್ತದೆ.

ಎಲೆಯ ವಿಷಯ ಬಂತು, ಇದನ್ನು ಎಚ್ಚರದಿಂದ ಓದಿ. ಮೂಲಂಗಿ ಸೊಪ್ಪಿನ ಪಲ್ಯ ನಾವೆಲ್ಲ ತಿನ್ನುತ್ತೇವೆ, ಕ್ಯಾರೆಟ್ಟಿನ ಎಳೆ ಸೊಪ್ಪನ್ನೂ ತಿನ್ನಬಹುದು. ಪಾರ್ಸ್ನಿಪ್ ಸೊಪ್ಪನ್ನು ಅಡುಗೆಮನೆಗೆ ತರಬೇಡಿ. ಅದರ ಎಲೆ, ಕಾಂಡದ ರಸದಲ್ಲಿ ಫ್ಯುರಾನೋಕೂಮರಿನ್ ಎಂಬ ಪದಾರ್ಥವಿದೆ. ರಸ ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಎರಡನೇ ವರ್ಷ ನನ್ನ ಜೊತೆ ಕೆಲಸ ಮಾಡುವ ಅಕ್ಕ ತೋಳು ಮಡಚಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಆ ಮಡಿಯ ಕಳೆ ತೆಗೆದರು. ಆ ದಿನ ಏನೂ ಕಾಣಲಿಲ್ಲ. ಎರಡನೇ ದಿನ ಮುಂಗೈ ಮೇಲೆ ಎಲೆ ಸವರಿದ ಗೆರೆಗೆ ಸರಿಯಾಗಿ ಕೆಂಪು ಪಟ್ಟಿ, ಅದರ ಮೇಲೆ ಸಾಲಾಗಿ ನೀರುಗುಳ್ಳೆ. ನಾವು ತುರಿಕೆ ಸೊಪ್ಪು ತಾಗಿರಬೇಕು ಅಂದುಕೊಂಡೆವು. ಗುಳ್ಳೆ ಒಣಗಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಿತು. ಮೊದಲೇ ತಿಳಿದುಕೊಂಡು ಹೇಳದಿದ್ದದ್ದು ನನ್ನ ತಪ್ಪು, ಇವತ್ತಿಗೂ ಆ ಕೈ ನೋಡಿದರೆ ಬೇಸರವಾಗುತ್ತದೆ. ಈಗ ಆ ಮಡಿಗೆ ಹೋಗುವುದು ಎಲೆ ಒಣಗಿದ್ದಾಗ, ಬಿಸಿಲು ಇಳಿದ ಮೇಲೆ, ಕೈತುಂಬ ತೋಳಿನ ಅಂಗಿ ಹಾಕಿಕೊಂಡು. ರಸ ತಾಗಿದರೆ ಕೂಡಲೇ ಸೋಪು ಹಚ್ಚಿ ತೊಳೆದು ಎರಡು ದಿನ ಆ ಜಾಗಕ್ಕೆ ಬಿಸಿಲು ಬೀಳದಂತೆ ಮುಚ್ಚಿಕೊಳ್ಳಬೇಕು. ಮಕ್ಕಳನ್ನು ಅದರ ಹತ್ತಿರ ಆಡಲು ಬಿಡಬೇಡಿ. ಮಕ್ಕಳಿರುವ ಮನೆ, ಮಡಿ ದಾರಿ ಪಕ್ಕದಲ್ಲೇ ಇದೆ ಎಂದಾದರೆ ಕ್ಯಾರೆಟ್ ಆರಿಸಿ.

ಇನ್ನೊಂದು ಮಾತು. ಗಿರಿಯ ಹುಲ್ಲುಗಾವಲಿನಲ್ಲಿ, ತೊರೆ ಬದಿಯಲ್ಲಿ ಛತ್ರಿಯಂಥ ಹೂವಿನ ಕಾಡುಗಿಡ ಕಂಡು, ಬುಡದಲ್ಲಿ ಬಿಳಿ ಬೇರಿದೆ ಎಂದು ಅಗೆದು ತಿನ್ನಲು ಹೋಗಬೇಡಿ. ಸಾಕ್ರೆಟೀಸನಿಗೆ ಕುಡಿಸಿದ ಹೆಮ್ಲಾಕ್ ವಿಷವೂ ಇದೇ ಕುಟುಂಬದ್ದು. ಪಾರ್ಸ್ನಿಪ್ಪಿನ ಹೂ ಹಳದಿ, ಹೆಮ್ಲಾಕಿನದು ಬಿಳಿ, ಕಾಂಡದ ಮೇಲೆ ನೇರಳೆ ಮಚ್ಚೆ. ಆದರೆ ಕಾಡಿನಲ್ಲಿ ನಿಂತು ಈ ಹೋಲಿಕೆ ಮಾಡುತ್ತಾ ಕೂರುವುದಕ್ಕಿಂತ ನೀವೇ ಬಿತ್ತಿದ್ದನ್ನು ಮಾತ್ರ ತಿನ್ನುವುದು ಕ್ಷೇಮ.

ಒಲೆಯ ಮೇಲೆ ಯಾವುದಕ್ಕೆ ಯಾವುದು

ಕಿತ್ತ ಕೂಡಲೇ ಬೇಯಿಸಿದರೆ ನಮ್ಮ ಕಡೆಯ ಪಾರ್ಸ್ನಿಪ್ ಸಪ್ಪೆ ಅನಿಸಬಹುದು. ಉಪಾಯ ಇದೆ ಅಂದೆನಲ್ಲ, ಅದು ಫ್ರಿಜ್. ಮಣ್ಣು ಒರೆಸಿ, ತೊಳೆಯದೆ, ಎಲೆ ಕತ್ತರಿಸಿ, ತೂತಿರುವ ಚೀಲದಲ್ಲಿ ಹಾಕಿ ಅತಿ ತಣ್ಣಗಿರುವ ತಟ್ಟೆಯಲ್ಲಿ ಎರಡು ಮೂರು ವಾರ ಇಡಿ. ಹಿಮ ಮಾಡುವ ಕೆಲಸವನ್ನೇ ಫ್ರಿಜ್ ಬಹಳಮಟ್ಟಿಗೆ ಮಾಡುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಒಮ್ಮೆ ಅದೇ ಮಡಿಯ ಎರಡು ಗೆಡ್ಡೆ, ಒಂದು ಆಗ ಕಿತ್ತದ್ದು, ಒಂದು ಮೂರು ವಾರ ಇಟ್ಟದ್ದು, ಎರಡನ್ನೂ ಬರೀ ಉಪ್ಪು ನೀರಲ್ಲಿ ಬೇಯಿಸಿ ಮನೆಯವರಿಗೆ ಕೊಟ್ಟೆ. ಇಟ್ಟದ್ದನ್ನು ತಿಂದು ಮಗಳು "ಅಮ್ಮ, ಇದಕ್ಕೆ ಸಕ್ಕರೆ ಹಾಕಿದ್ದೀಯಾ" ಅಂದಳು.

ಹುಳಿಗೆ ಮೂಲಂಗಿಯೇ ರಾಜ, ಆ ಘಾಟು ಹುಣಸೆಹಣ್ಣಿನ ಜೊತೆ ಕೂಡುವ ಹಾಗೆ ಬೇರೆ ಯಾವುದೂ ಕೂಡುವುದಿಲ್ಲ. ಪಾರ್ಸ್ನಿಪ್ಪಿನ ಸಿಹಿ ಹುಣಸೆಯಲ್ಲಿ ಕಳೆದುಹೋಗುತ್ತದೆ, ಹೋಳು ಬೇಗ ಕರಗಿಯೂಬಿಡುತ್ತದೆ. ಕೋಸಂಬರಿಗೆ ಕ್ಯಾರೆಟ್, ಅದರಲ್ಲಿ ಎರಡು ಮಾತಿಲ್ಲ. ಹಸಿ ಪಾರ್ಸ್ನಿಪ್ ತುರಿ ಬಾಯಿಗೆ ಒರಟು. ಮಜ್ಜಿಗೆ ಹುಳಿಗೆ ಪಾರ್ಸ್ನಿಪ್ ಹೇಳಿಮಾಡಿಸಿದ್ದು: ಹೋಳನ್ನು ಬೇರೆಯಾಗಿ ಬೇಯಿಸಿ, ಕಾಯಿ, ಜೀರಿಗೆ, ಹಸಿಮೆಣಸು ರುಬ್ಬಿ ಹಾಕಿ, ಕೊನೆಯಲ್ಲಿ ಮಜ್ಜಿಗೆ. ಜೀರಿಗೆಗೂ ಅದಕ್ಕೂ ಇರುವ ನೆಂಟಸ್ತಿಕೆ ನಾಲಿಗೆಗೆ ತಿಳಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಕಾವಲಿ ಮೇಲೆ ಹುರಿದದ್ದು. ಸಿಪ್ಪೆ ಹೆರೆದು ಬೆರಳುದ್ದ ಸೀಳಿ. ದೊಡ್ಡ ಗೆಡ್ಡೆಯಾದರೆ ನಡುವಿನ ತಿರುಳು ಮರದಂತಾಗಿರುತ್ತದೆ, ಅದನ್ನು ಕತ್ತರಿಸಿ ಬಿಸಾಡಿ. ಕೊಯ್ದ ಭಾಗ ಬೇಗ ಕಪ್ಪಾಗುವುದರಿಂದ ಬದನೆಕಾಯಿಗೆ ಮಾಡುವ ಹಾಗೆ ಮಜ್ಜಿಗೆ ನೀರಲ್ಲಿ ಹಾಕಿಡಿ. ಬಟ್ಟೆಯಲ್ಲಿ ಒರೆಸಿ, ತುಪ್ಪ ಸವರಿದ ದಪ್ಪ ಕಾವಲಿಯಲ್ಲಿ ಸಣ್ಣ ಉರಿಯ ಮೇಲೆ ಇಡಿ. ಉರಿ ಜೋರಾದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಅಂಚು ಜೇನಿನ ಬಣ್ಣಕ್ಕೆ ಬಂದಾಗ ಉಪ್ಪು, ಕುಟ್ಟಿದ ಕಾಳುಮೆಣಸು. ತೋಟದ ಮೆಣಸೇ ಆದರೆ ಇನ್ನೂ ಚೆಂದ. ಚಳಿಗಾಲದ ಸಂಜೆ ಕಾಫಿ ಜೊತೆಗೆ ಇದೊಂದು ತಟ್ಟೆ ಇದ್ದರೆ ಬೋಂಡ ಕೇಳುವವರಿಲ್ಲ.

ಹಲ್ವಾ ಮಾಡಬಹುದು. ಕ್ಯಾರೆಟ್ ಹಲ್ವಾದ ಬಣ್ಣ ಬಾರದು, ಹಾಲುಕೋವಾದ ಹಾಗೆ ಕಾಣುತ್ತದೆ. ಸಕ್ಕರೆ ಮಾಮೂಲಿನ ಮುಕ್ಕಾಲು ಭಾಗ ಸಾಕು. ನೆಂಟರಿಗೆ ಬಡಿಸುವುದಾದರೆ ಕ್ಯಾರೆಟ್ಟಿನದೇ ಮಾಡಿ, ಬಣ್ಣ ನೋಡಿ ಕೈ ಹಾಕುವವರೇ ಹೆಚ್ಚು.

ಸಕ್ಕರೆ ಕಾಯಿಲೆ ಇರುವವರು ಇಷ್ಟನ್ನು ಗಮನಿಸಬೇಕು: ಪಾರ್ಸ್ನಿಪ್ಪನ್ನು ಕ್ಯಾರೆಟ್ ಜೊತೆ ಎಣಿಸದೆ ಆಲೂಗೆಡ್ಡೆಯ ಜೊತೆ ಎಣಿಸಿ. 100 ಗ್ರಾಂ ಪಾರ್ಸ್ನಿಪ್ಪಿನಲ್ಲಿ ಸುಮಾರು 75 ಕ್ಯಾಲೊರಿ, 18 ಗ್ರಾಂ ಕಾರ್ಬೋಹೈಡ್ರೇಟ್. ಕ್ಯಾರೆಟ್ಟಿನಲ್ಲಿ 41 ಕ್ಯಾಲೊರಿ, 10 ಗ್ರಾಂನಷ್ಟು. ಮೂಲಂಗಿಯಲ್ಲಿ 18 ಕ್ಯಾಲೊರಿ, 4 ಗ್ರಾಂ. ನಾರಿನಂಶದಲ್ಲಿ ಪಾರ್ಸ್ನಿಪ್ ಮುಂದು, ಹತ್ತಿರ ಹತ್ತಿರ 5 ಗ್ರಾಂ. ಕಣ್ಣಿಗೆ ಬೇಕಾದ ಎ ಜೀವಸತ್ವ ಬೇಕೆಂದರೆ ಕ್ಯಾರೆಟ್ ಬಿಟ್ಟು ಬೇರೆ ಮಾತಿಲ್ಲ, ಉಳಿದೆರಡರಲ್ಲಿ ಅದು ಇಲ್ಲವೆಂದರೂ ಸರಿ.

ಬೆಳೆಯಲಾಗದವರು, ಯಾವುದೋ ಸೂಪಿನ ವಿಧಾನದಲ್ಲಿ ಪಾರ್ಸ್ನಿಪ್ ಎಂದು ಬರೆದಿದ್ದರೆ ಏನು ಹಾಕುವುದು ಎಂದು ಕೇಳುತ್ತಾರೆ. ಬಿಳಿ ಎಂಬ ಕಾರಣಕ್ಕೆ ಮೂಲಂಗಿ ಹಾಕಬೇಡಿ, ರುಚಿ ಪೂರ್ತಿ ಕೆಡುತ್ತದೆ. ಅರ್ಧ ಕ್ಯಾರೆಟ್, ಅರ್ಧ ಸಿಹಿಗೆಣಸು, ಕೊತ್ತಂಬರಿಯ ಬೇರು ಎರಡು ಜಜ್ಜಿ, ಚಿಟಿಕೆ ಜಾಯಿಕಾಯಿ ಹಾಕಿ. ಹತ್ತಿರ ಬರುತ್ತದೆ.

ನಮ್ಮ ಮನೆಯಲ್ಲಿ ಈಗ ಅತ್ತೆಯೇ ಇದಕ್ಕೊಂದು ಕೆಲಸ ಕಂಡುಹಿಡಿದಿದ್ದಾರೆ. ಪಾರ್ಸ್ನಿಪ್ ತುರಿ ಒಂದು ಬಟ್ಟಲು, ಹೆಚ್ಚಿದ ಸಬ್ಬಸಿಗೆ ಸೊಪ್ಪು ಒಂದು ಹಿಡಿ, ಹಸಿಮೆಣಸು, ಉಪ್ಪು, ಅಕ್ಕಿಹಿಟ್ಟಿಗೆ ಹಾಕಿ ಕೈಯಲ್ಲಿ ಹಿಸುಕುತ್ತಾರೆ. ತುರಿಯೇ ನೀರು ಬಿಡುವುದರಿಂದ ಮೊದಲು ನೀರು ಸೇರಿಸುವುದಿಲ್ಲ, ಐದು ನಿಮಿಷ ಬಿಟ್ಟು ಹಿಟ್ಟು ಮುಟ್ಟಿ ನೋಡಿ ಬೇಕಾದಷ್ಟೇ ಹನಿಸುತ್ತಾರೆ. ಬಾಳೆಎಲೆ ಮೇಲೆ ತಟ್ಟಿ ಕಾವಲಿಗೆ ಹಾಕಿದರೆ ರೊಟ್ಟಿ ಮೂರನೇ ದಿನವಾದರೂ ಆದೀತು ಎಂಬಷ್ಟು ಮೆತ್ತಗೆ. ಈ ಸಲದ ಮಡಿಗೆ ಬೀಜ ಬಂತಾ ಎಂದು ಆಗಸ್ಟ್‌ನಲ್ಲೇ ಕೇಳಲು ಶುರುಮಾಡಿದ್ದು ಅವರೇ.